ಹನ್ನೊಂದು ಗಂಟಿನ ದಾರ

ನಾಗರಿಕತೆ ಎಂಬುದು ಗಂಟು ಹಾಕಲು ಬಲ್ಲವರು ಕಟ್ಟಿದ್ದು, ಗಂಟು ಬಿಚ್ಚಲು ಬಲ್ಲವರು ಉಳಿಸಿಕೊಂಡು ಬಂದದ್ದು. ಈ ಮಾತನ್ನು ಬಹಳ ಯೋಚಿಸಿಯೇ ಬರೆದಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಗಂಟು ಬಿಚ್ಚುತ್ತಿದ್ದದ್ದು ನಾಗರಿಕತೆಯ ಸಲುವಾಗಿ ಅಲ್ಲ, ದಿನಸಿ ಪೊಟ್ಟಣದ ದಾರ ದಂಡವಾಗಬಾರದೆಂದು.

ನಮ್ಮ ತಾಯಿಯ ಹತ್ತಿರ ಒಂದು ದಾರದ ಉಂಡೆ ಇತ್ತು. ಎಪ್ಪತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಅದು ಸುಲಿದ ತೆಂಗಿನಕಾಯಿಯ ಗಾತ್ರಕ್ಕೆ ಬಂದಿತ್ತು. ಸಕ್ಕರೆ ಕಟ್ಟಿ ಬಂದದ್ದು, ಕಡ್ಲೆಹಿಟ್ಟು ಕಟ್ಟಿ ಬಂದದ್ದು, ಮಠದಿಂದ ಪ್ರಸಾದ ಕಟ್ಟಿ ಬಂದದ್ದು, ಎಲ್ಲವೂ ಅದರೊಳಗೆ ಸುತ್ತಿಕೊಂಡಿದ್ದವು. ಯಾವ ಪೊಟ್ಟಣಕ್ಕೂ ಕತ್ತರಿ ತಾಗಿಸುವಂತಿರಲಿಲ್ಲ. ‘ಕತ್ತರಿ ಹಾಕೋರ ಮನೆ ಉದ್ಧಾರ ಆಗಲ್ಲ ಕಣೋ’ ಎನ್ನುವುದು ಅವರ ಅರ್ಥಶಾಸ್ತ್ರ. ಒಂದು ಕಾಲಕ್ಕೆ ಬಿಚ್ಚುವುದು, ಸುತ್ತುವುದು ಎರಡೂ ಅವರದೇ ಇಲಾಖೆಯಾಗಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಸುತ್ತುವುದನ್ನು ತಮ್ಮಲ್ಲೇ ಇಟ್ಟುಕೊಂಡು ಬಿಚ್ಚುವುದನ್ನು ನನಗೆ ವರ್ಗಾಯಿಸಿದರು. ಈ ವರ್ಗಾವಣೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಒಂದು ಮುಖ್ಯವಾದ ಸಂದರ್ಭದಲ್ಲಿ ನಾನು ಅದನ್ನು ಮರೆತೆ.

ಹೊಟ್ಟೆಪಾಡಿಗೆ ನಾನು ತರೀಕೆರೆ ತಾಲ್ಲೂಕು ಕಚೇರಿಯಲ್ಲಿ ಸರ್ವೇಯರ್ ಆಗಿದ್ದೆ. ಗೇಣಿದಾರರು, ಜಮೀನುದಾರರು ಇಬ್ಬರೂ ಅರ್ಜಿ ಹಿಡಿದು ನಿಂತಿದ್ದ ಕಾಲ. ಅಮೃತಾಪುರದಿಂದ ಅಂತರಘಟ್ಟೆಯವರೆಗೆ ಯಾರ ಹೊಲದ ಬದುವಿನ ಮೇಲೆ ನಿಂತರೂ ನನಗೆ ಒಬ್ಬ ಶತ್ರು ಹುಟ್ಟುತ್ತಿದ್ದ. ಅಳತೆಯಲ್ಲಿ ನನ್ನ ಕೈ ಶುದ್ಧ ಎಂದು ಹೆಸರಿತ್ತು. ಸರ್ವೆ ಸರಪಳಿ ಹಿಡಿಯುವವನಿಗೆ ಮೊದಲ ದಿನ ಕಲಿಸುವ ಪಾಠ ಒಂದೇ: ಎಳೆಯುವ ಮುಂಚೆ ಒದರಿ ನೋಡು. ಒಂದು ಕೊಂಡಿ ಗಂಟುಬಿದ್ದರೂ ಅಳತೆ ಸುಳ್ಳು, ಆಮೇಲೆ ಹೈಕೋರ್ಟಿನವರೆಗೂ ಅದು ಸುಳ್ಳೇ. ಹೀಗೆ ಮನೆಯ ಪಾಠವೂ ಕಚೇರಿಯ ಪಾಠವೂ ಒಂದೇ ಆಗಿ, ಗಂಟು ಕಂಡರೆ ನನ್ನ ಬೆರಳುಗಳು ತಾವಾಗಿಯೇ ಹೋಗುತ್ತಿದ್ದವು.

ನಮ್ಮ ಮನೆಗೆ ಗೋಡೆ ಹಂಚಿಕೊಂಡ ಪಕ್ಕದ ಮನೆಯಲ್ಲಿ ಭಟ್ಕಳದ ಸಾಹೇಬರು ಎಂದು ಊರೆಲ್ಲ ಕರೆಯುವ ಬಟ್ಟೆ ವ್ಯಾಪಾರಿ ಇದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ. ವಯಸ್ಸು ಅರವತ್ತರ ಆಚೆ. ಅವರು ನವಾಯತರು. ನಮ್ಮ ಕಡೆ ಆ ಹೆಸರು ಕೇಳಿದವರು ಕಡಿಮೆ, ಸಾಬರು ಎಂದರೆ ಎಲ್ಲರೂ ಒಂದೇ ಎಂಬುದು ನಮ್ಮ ಜ್ಞಾನದ ಗಡಿ. ನಾನು ಒಮ್ಮೆ ಉರ್ದುವಿನಲ್ಲಿ ನಾಲ್ಕು ಮಾತಾಡಿ ಮೆಚ್ಚಿಸಲು ಹೋದಾಗ ಸಾಹೇಬರು ಸಮಾಧಾನವಾಗಿ ಕೇಳಿಸಿಕೊಂಡು ಹೇಳಿದರು:

‘ಚಂದ ಮಾತಾಡ್ತೀರಿ ಸರ್ವೇಯರ್ರೇ. ಆದ್ರೆ ನಮ್ಮ ಮನೆಮಾತು ಅದಲ್ಲ. ನಮ್ದು ಕೊಂಕಣಿಯ ತಂಗಿ. ಅರಬ್ಬಿ, ಫಾರ್ಸಿಯ ಆಭರಣ ಹಾಕ್ಕೊಂಡಿದ್ದಾಳೆ, ಅಷ್ಟೇ.’

ಅವರ ಹಿರಿಯರು ಕಡಲಾಚೆಯಿಂದ ಬಂದವರೆಂದು ಅವರ ಮನೆತನದ ನಂಬಿಕೆ. ಎಂದು ಬಂದದ್ದು ಎಂದರೆ, ‘ಕುದುರೆ ಹಡಗಿನಲ್ಲಿ ಬರ್ತಿದ್ದ ಕಾಲ’ ಎನ್ನುತ್ತಿದ್ದರು. ಕುದುರೆ ತಂದು ಇಳಿಸುವುದು, ಮೆಣಸು ಅಕ್ಕಿ ತುಂಬಿಕೊಂಡು ಹೋಗುವುದು. ಮಳೆಗಾಲದಲ್ಲಿ ಕಡಲು ಮುಚ್ಚುತ್ತದೆ. ಆಗ ಹಡಗನ್ನು ದಡಕ್ಕೆ ಎಳೆದು ತೆಂಗಿನ ಗರಿ ಹೊದಿಸಿ ಎಲ್ಲರೂ ಮನೆಯಲ್ಲಿ ಕೂರಬೇಕು. ಮದುವೆ, ಜಗಳ, ಪಾಲು ಎಲ್ಲ ಆ ಮೂರು ತಿಂಗಳಲ್ಲೇ. ಅವರ ಅಜ್ಜ ಹಡಗಿಗೆ ದಾರಿ ತೋರಿಸುವ ಮಾಲಿಮರಾಗಿದ್ದರು. ತಂದೆಯ ಕಾಲಕ್ಕೆ ಉಗಿ ಹಡಗು ಬಂದು, ಹಾಯಿ ಹಡಗು ಸೌದೆಯಾಗಿ, ಮನೆಯವರು ಬಟ್ಟೆ ಗಂಟು ಹೊತ್ತು ಘಟ್ಟ ಹತ್ತಿದರು. ನಮ್ಮ ಸಾಹೇಬರು ಹುಟ್ಟಿದ್ದು ಕಡಲ ಕುಲದಲ್ಲೇ ಆದರೂ ನೀರಿಗೂ ಅವರಿಗೂ ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ದೋಣಿ ಹತ್ತಿ ಪ್ರಾಣ ಹೋಗುವಷ್ಟು ವಾಂತಿಯಾಗಿತ್ತಂತೆ. ಈಗ ಊರಿಗೆ ಹೋಗುವಾಗ ಆಗುಂಬೆ ಘಾಟಿಯಲ್ಲಿ ಬಸ್ಸಿನಲ್ಲೇ ಅದರ ಪುನರಾವರ್ತನೆ. ‘ಕಡಲು ನಮ್ಮ ರಕ್ತದಲ್ಲಿದೆ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ’ ಎನ್ನುತ್ತಿದ್ದರು.

ಅವರ ಹೆಂಡತಿಗೆ ತರೀಕೆರೆ ಸೇರಲಿಲ್ಲ. ಭಟ್ಕಳದಲ್ಲಿ ಅವರ ಜನರ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಒಳಗಿನಿಂದಲೇ ಮನೆಯಿಂದ ಮನೆಗೆ ಬಾಗಿಲುಗಳಿರುತ್ತಿದ್ದವಂತೆ. ಹೆಂಗಸರು ಬೀದಿಗಿಳಿಯದೆ ಬೀದಿಯ ಆ ತುದಿಗೆ ಹೋಗಿ ಉಪ್ಪು ಕೇಳಿ ಬರಬಹುದು. ಆಕೆ ಒಂದು ದಿನ ನಮ್ಮ ತಾಯಿಯ ಹತ್ತಿರ, ಅಡುಗೆಮನೆಯ ಗೋಡೆಯಲ್ಲಿ ಒಂದು ಬಾಗಿಲು ಮಾಡಬಾರದೇ ಎಂದು ಕೇಳಿದರು. ನಮ್ಮದು ಲಿಂಗ ಕಟ್ಟಿದ ಮನೆ. ಅಮ್ಮ ಮೂರು ದಿನ ಊಟದ ರುಚಿ ಕಳೆದುಕೊಂಡರು. ನಾಲ್ಕನೆಯ ದಿನ ಹೇಳಿದರು: ‘ಬಾಕ್ಲು ಬ್ಯಾಡ. ಎರಡು ಇಟ್ಟಿಗೆ ತೆಗೀಲಿ. ಆದ್ರೆ ಮೀನು ಬೇಯ್ಸೋ ದಿನ ಆ ಕಡೆಯಿಂದ ಹಲಗೆ ಮುಚ್ಕೋಬೇಕು.’

ಹೀಗೆ ಎರಡು ಇಟ್ಟಿಗೆಯಷ್ಟು ಭಟ್ಕಳ ತರೀಕೆರೆಯಲ್ಲಿ ಸ್ಥಾಪನೆಯಾಯಿತು. ಅದರ ಮೂಲಕ ಈ ಕಡೆಯಿಂದ ಹುರಿಗಾಳು, ಚಟ್ನಿಪುಡಿ ಹೋದವು. ಆ ಕಡೆಯಿಂದ ಒಂದು ಕೈ ಬಂದು ಅಮ್ಮನ ಸೂಜಿ ತೆಗೆದುಕೊಂಡು, ದಾರ ಪೋಣಿಸಿ ವಾಪಸು ಕೊಡುತ್ತಿತ್ತು. ದಿನಕ್ಕೆ ಎರಡು ಮೂರು ಸಲ. ನಾನು ಇದನ್ನು ದಿನವೂ ನೋಡುತ್ತಿದ್ದೆ. ಇದನ್ನೂ ನೆನಪಿಡಿ.

ಇನ್ನೊಂದು ವಿಷಯವನ್ನೂ ನಾವು ನೋಡುತ್ತಿದ್ದೆವು. ಮೋಡವಿಲ್ಲದ ಸಂಜೆ, ದೀಪ ಹಚ್ಚಿದ ಮೇಲೆ, ಸಾಹೇಬರು ತಮ್ಮ ಮಾಳಿಗೆಯ ಮೇಲೆ ಉತ್ತರಕ್ಕೆ ಮುಖ ಮಾಡಿ ನಿಂತು, ಕೈಯಲ್ಲಿ ಏನನ್ನೋ ಚಾಚಿ ಹಿಡಿದು, ಹಲ್ಲಿನಲ್ಲಿ ಏನನ್ನೋ ಕಚ್ಚಿಕೊಂಡಿರುತ್ತಿದ್ದರು. ಎರಡು ನಿಮಿಷ. ಆಮೇಲೆ ಇಳಿದು ಊಟಕ್ಕೆ ಹೋಗುತ್ತಿದ್ದರು.

‘ಅದೊಂದು ಶಾಸ್ತ್ರ ಇರಬೇಕು ಕಣೋ’ ಎಂದರು ಅಮ್ಮ.

‘ಅವರ ನಮಾಜು ಪಡುವಲಕ್ಕೆ, ಅಮ್ಮ. ಬಡಗಲಕ್ಕಲ್ಲ.’

‘ಹಂಗಾದ್ರೆ ಇದು ಬ್ಯಾರೆ ಶಾಸ್ತ್ರ. ಕೇಳಕ್ ಹೋಗ್ಬ್ಯಾಡ, ನೊಂದ್ಕಂತಾರೆ.’

ನಾನು ಕೇಳಲಿಲ್ಲ. ಹತ್ತು ವರ್ಷ ಕೇಳಲಿಲ್ಲ. ಇದನ್ನು ನಾನು ಸೌಜನ್ಯ ಎಂದುಕೊಂಡಿದ್ದೆ. ಇತರರ ಶಾಸ್ತ್ರದ ವಿಷಯದಲ್ಲಿ ನಮ್ಮ ಸೌಜನ್ಯ ಬಹುಪಾಲು ಸೋಮಾರಿತನವೇ ಎಂದು ತಿಳಿದದ್ದು ಆಮೇಲೆ.

ಒಂದು ಮೇ ತಿಂಗಳ ಕೊನೆಗೆ ಸಾಹೇಬರು ಒಂದು ಬಟ್ಟೆಯ ಚೀಲ ಹಿಡಿದು ನಮ್ಮ ಜಗುಲಿಗೆ ಬಂದರು. ಒಳಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಮರದ ಹಲಗೆ ಇತ್ತು. ಹಳೆಯದು, ಕರಿಬಣ್ಣಕ್ಕೆ ತಿರುಗಿದ್ದು, ಉದ್ದಕ್ಕೆ ಸೀಳಿಹೋಗಿತ್ತು. ಹಲಗೆಯ ನಡುವೆ ಒಂದು ತೂತು, ಅದರಲ್ಲಿ ಮೊಳದುದ್ದದ ಒಂದು ದಾರ. ದಾರದ ತುಂಬ ಗಂಟು.

‘ಅಜ್ಜನ ಹಡಗಿನ ಅಳತೆ ದಾರ ಇದು’ ಎಂದರು ಸಾಹೇಬರು. ‘ಮನೆಯಾಕೆ ಕಪಾಟು ಒರೆಸುವಾಗ ಬಿತ್ತು, ಹಲಗೆ ಒಡೆಯಿತು. ನಿಮ್ಮ ಆಫೀಸಿನ ಬಡಗಿ ಅಳತೆ ತಪ್ಪುವುದಿಲ್ಲ ಅಂತ ಕೇಳಿದ್ದೇನೆ. ಇದೇ ಅಳತೆಗೆ ಒಂದು ಹಲಗೆ ಮಾಡಿಸಿಕೊಡಿ. ಒಂದು ಕೂದಲು ಆಚೀಚೆ ಆಗಬಾರದು.’

‘ಅವಸರ ಏನಾದ್ರೂ ಉಂಟಾ?’

‘ಉಂಟು. ಊರಿನಲ್ಲಿ ಅಣ್ಣ ಹಾಸಿಗೆ ಹಿಡಿದಿದ್ದಾರೆ. ಅಜ್ಜನ ಸಂಗಡ ಹಡಗಿನಲ್ಲಿ ಹೋದವರಲ್ಲಿ ಉಳಿದದ್ದು ಅವರೊಬ್ಬರೇ. ಈ ದಾರದ ವಿಷಯ ಪೂರಾ ಗೊತ್ತಿರುವುದು ಅವರಿಗೆ. ನನಗೆ ಅರ್ಧ ಮಾತ್ರ. ಇದನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಹೇಳ್ತೇನೆ, ಬರೆದುಕೋ ಅಂದಿದ್ದಾರೆ. ಹತ್ತು ದಿನದಲ್ಲಿ ಹೋಗಬೇಕು.’ ಎದ್ದು ಹೋಗುವಾಗ ಮತ್ತೆ ತಿರುಗಿ ಹೇಳಿದರು: ‘ದಾರ ಜೋಪಾನ.’

ಒಂದೊಂದಾಗಿ ಹೇಳುವುದು ಎಂದರೆ ಏನನ್ನು ಎಂದು ನಾನು ಕೇಳಬಹುದಿತ್ತು. ಹದಿನೈದು ವರ್ಷ ಅಳತೆ ಮಾಡಿದವನು ಅಳತೆಯ ಬಗ್ಗೆ ಬಟ್ಟೆ ಅಂಗಡಿಯವರನ್ನು ಕೇಳುವುದುಂಟೇ.

ಬಡಗಿ ಒಳ್ಳೆಯ ಬೀಟೆಯ ತುಂಡಿನಲ್ಲಿ ಹಲಗೆ ಮಾಡಿದ. ನಾನು ಅಳತೆಗೋಲಿಟ್ಟು ಮೂರು ಸಲ ನೋಡಿದೆ. ಹಳೆಯ ಹಲಗೆಯಿಂದ ದಾರವನ್ನು ಬಿಡಿಸಿಕೊಂಡು ಭಾನುವಾರ ಮಧ್ಯಾಹ್ನ ಮನೆಯ ನಡುವೆ ಕೂತೆ. ಅಳತೆಯ ದಾರ, ಅದರಲ್ಲಿ ಹನ್ನೊಂದು ಗಂಟು. ನನ್ನ ವೃತ್ತಿಯ ಮನಸ್ಸಿಗೆ ಅದು ಸಹಿಸಲಾಗದ ದೃಶ್ಯ. ಇಷ್ಟು ವರ್ಷ ಪಾಪ, ಯಾರೂ ಇದನ್ನು ಒದರಿ ನೋಡಿಲ್ಲವಲ್ಲ ಎಂದು ಮರುಕವಾಯಿತು.

ಅಮ್ಮ ಬೆರಳಾಡಿಸಿ ನೋಡಿದರು. ‘ಎಷ್ಟೊಂದು ಗಂಟು ಬಿದ್ದಾವೆ ಕಣೋ. ಸಿಕ್ಕು ಬಿಡ್ಸಿ ಕೊಡು ಪಾಪ, ಪರದೇಶದ ಜನ.’

ಆ ಗಂಟುಗಳು ಪೊಟ್ಟಣದ ಗಂಟುಗಳಾಗಿರಲಿಲ್ಲ. ನೂರು ವರ್ಷದ ಉಪ್ಪು, ಎಂಜಲು, ಎಣ್ಣೆ ಸೇರಿ ಕಲ್ಲಾಗಿದ್ದವು. ಹರಳೆಣ್ಣೆ ಹನಿಸಿದೆ. ಗೋಣಿ ಹೊಲಿಯುವ ದಬ್ಬಳದ ತುದಿಯಿಂದ ಮೆಲ್ಲಗೆ ಮೀಟಿದೆ. ಮೊದಲನೆಯದಕ್ಕೆ ಅರ್ಧ ಗಂಟೆ ಹಿಡಿಯಿತು. ನಾಲ್ಕನೆಯದರ ಹೊತ್ತಿಗೆ ಅದರ ಗುಟ್ಟು ತಿಳಿಯಿತು. ಕತ್ತರಿಯಿಲ್ಲ, ಒಂದು ಎಳೆ ಹರಿಯಲಿಲ್ಲ. ಸಂಜೆಯ ಕಾಫಿಯ ಹೊತ್ತಿಗೆ ಹನ್ನೊಂದೂ ಮುಗಿದಿದ್ದವು. ನನ್ನ ಜೀವನದಲ್ಲಿ ಅಷ್ಟು ನಾಜೂಕಾದ ಕೆಲಸವನ್ನು ನಾನು ಮತ್ತೆ ಮಾಡಿಲ್ಲ. ಗಂಟು ಹೋದ ಮೇಲೆ ದಾರ ನಾಲ್ಕು ಬೆರಳು ಉದ್ದವಾಗಿತ್ತು. ಅದನ್ನು ನಾವು ಲಾಭ ಎಂದುಕೊಂಡೆವು.

ಗಂಟಿದ್ದ ಕಡೆಯಲ್ಲೆಲ್ಲ ದಾರ ಸೊಟ್ಟಗಾಗಿ ಸುರುಳಿಕೊಂಡಿತ್ತು. ಅದನ್ನೂ ಬಿಡಬಾರದೆಂದು ಅಮ್ಮ ಸೀಗೇಕಾಯಿ ನೀರಿನಲ್ಲಿ ನೆನೆಸಿ, ತಿಕ್ಕಿ, ಗಂಜಿ ಹಾಕಿ, ಅಂಗಳದ ತಂತಿಗೆ ಒಂದು ತುದಿಗೆ ಬೀಗದ ಕೈ ಜೋತುಬಿಟ್ಟು ಒಣಗಿಸಿದರು. ಮರುದಿನ ಅದು ಹೊಸ ಜನಿವಾರದಂತೆ ನೆಟ್ಟಗೆ, ಬೆಳ್ಳಗೆ ಇತ್ತು. ಹೊಸ ಹಲಗೆಗೆ ಪೋಣಿಸಿ ಸಾಹೇಬರ ಮನೆಗೆ ತೆಗೆದುಕೊಂಡು ಹೋದೆ. ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ ಅವರು ಕೂತಿದ್ದರು. ಗೋಡೆಯ ಕಿಂಡಿ ತೆರೆದಿತ್ತು.

ಹಲಗೆಯನ್ನು ಬೆಳಕಿಗೆ ಹಿಡಿದು, ‘ಬಡಗಿಯ ಕೈಗೆ ಚಿನ್ನದ ಬಳೆ ಹಾಕಬೇಕು’ ಎಂದರು. ಆಮೇಲೆ ದಾರವನ್ನು ಬೆರಳ ನಡುವೆ ತೆಗೆದುಕೊಂಡು ಹಲಗೆಯ ಕಡೆಯಿಂದ ಮೆಲ್ಲಗೆ ಜಾರಿಸಿದರು. ತಸ್ಬಿಮಾಲೆ ಎಣಿಸುವವರು ಮಣಿ ಸಿಗದೆ ಹುಡುಕುವ ಹಾಗೆ ಅವರ ಬೆರಳು ತುದಿಯವರೆಗೆ ಹೋಯಿತು. ಮತ್ತೆ ಹಲಗೆಯಿಂದ ಶುರುಮಾಡಿದರು. ಮತ್ತೆ ತುದಿಗೆ ಬಂತು.

‘ಸರ್ವೇಯರ್ರೇ, ಇದರಲ್ಲಿ ಗಂಟು ಇತ್ತಲ್ಲ.’

ಆ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ನಿಜ ಹೇಳುತ್ತಿದ್ದೆನೇನೋ. ದಾರಿಯಲ್ಲಿ ಕಳೆದುಹೋದದ್ದನ್ನು ಕಂಡಿರಾ ಎಂದು ಕೇಳುವವರ ದನಿ ಅದು. ನನ್ನ ಬಾಯಿ ತಾನೇ ಮಾತಾಡಿತು.

‘ಅಮ್ಮ ಬಿಚ್ಚಿಬಿಟ್ರು ಸಾಹೇಬ್ರೇ. ನಾನು ಆಫೀಸಿಗೆ ಹೋಗಿದ್ದೆ. ಸಿಕ್ಕು ಅಂದ್ಕಂಡು ಬಿಚ್ಚಿ, ತೊಳೆದುಬಿಟ್ಟಿದ್ದಾರೆ. ವಯಸ್ಸಾಯ್ತಲ್ಲ.’

ಬಿಚ್ಚಿದ್ದು ಯಾವ ದಿನ, ಭಾನುವಾರ ಯಾವ ಆಫೀಸು ಎಂದು ಅವರು ಕೇಳಲಿಲ್ಲ. ಕಿಂಡಿಯ ಆಚೆ ನಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಸಾಹೇಬರು ದಾರವನ್ನು ಹಲಗೆಗೆ ಸುತ್ತುತ್ತ, ಯಾರಿಗೋ ಪಾಠ ಒಪ್ಪಿಸುವಂತೆ ಹೇಳಿದರು. ಈ ಹಲಗೆಯನ್ನು ಮುಂದೆ ಹಿಡಿಯಬೇಕು. ಕೆಳಗಿನ ಅಂಚು ಕಡಲಿನ ಗೆರೆಯ ಮೇಲೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ. ದಾರದ ಯಾವ ಗಂಟನ್ನು ಹಲ್ಲಿನಲ್ಲಿ ಕಚ್ಚಿದಾಗ ನಕ್ಷತ್ರ ಸರಿಯಾಗಿ ಅಂಚಿಗೆ ಕೂರುತ್ತದೋ, ಹಡಗು ಆ ಗಂಟಿನ ಊರಿನ ಸಾಲಿನಲ್ಲಿದೆ ಎಂದರ್ಥ. ಆಮೇಲೆ ನಕ್ಷತ್ರವನ್ನು ಅಲ್ಲೇ ಇಟ್ಟುಕೊಂಡು ನೇರ ಹೋದರೆ ಊರು. ಹಲಗೆಗೆ ಹತ್ತಿರದ ಗಂಟು ಬಸ್ರಾ. ಆಮೇಲೆ ಮಸ್ಕತ್ತು, ಸೂರತ್ತು. ಹೀಗೆ ತೆಂಕಣಕ್ಕೆ ಇಳಿಯುತ್ತ ಎಂಟನೆಯದು ಭಟ್ಕಳ. ಅದರ ಕೆಳಗಿನದು ಮಂಗಳೂರು. ಏಡನ್ನಿಗೂ ಅದೇ ಗಂಟು, ಎರಡೂ ಒಂದೇ ಸಾಲು. ನಡುವಿನ ಹಲವು ಗಂಟುಗಳ ಹೆಸರು ಸಾಹೇಬರಿಗೆ ಗೊತ್ತಿರಲಿಲ್ಲ. ಅಣ್ಣನನ್ನು ಕೇಳಬೇಕಾಗಿದ್ದದ್ದು ಅದನ್ನೇ.

‘ಮಾಳಿಗೆ ಮೇಲೆ ನೋಡ್ತಿದ್ದದ್ದು ಅದೇ’ ಎಂದರು. ‘ತರೀಕೆರೆಯಲ್ಲಿ ನಿಂತು ಎಂಟನೆಯ ಗಂಟು ಕಚ್ಚಿದರೆ ನಕ್ಷತ್ರ ಹೆಚ್ಚುಕಡಿಮೆ ಅಂಚಿನಲ್ಲೇ ಕೂರ್ತದೆ. ಅಜ್ಜನ ಲೆಕ್ಕದಲ್ಲಿ ನಾನು ಊರಿನ ಸಾಲಿನಲ್ಲೇ ಇದ್ದೇನೆ. ಊಟಕ್ಕೆ ಮುಂಚೆ ಅದೊಂದು ಸಮಾಧಾನ.’

ನಾನು ಮನೆಗೆ ಬಂದೆ. ಅಮ್ಮ ಎಂದಿನಂತೆ ತಟ್ಟೆ ಹಾಕಿದರು. ರೊಟ್ಟಿ ಬಡಿಸುತ್ತ ಹೇಳಿದರು: ‘ನನ್ನೆಸ್ರು ಹೇಳಿದ್ದು ಒಳ್ಳೇದಾಯ್ತು ಬಿಡು. ಮುದುಕೀನ ಯಾರು ಬಯ್ತಾರೆ.’

ಬೈದಿದ್ದರೆ ತಿಂದ ರೊಟ್ಟಿ ಇಳಿಯುತ್ತಿತ್ತು. ಸಂಜೆ ಅವರು ಕಿಂಡಿಯ ಬಳಿ ಹೋಗಿ, ‘ನಾನೇ ಮಾಡ್ದೆ ಕಣಮ್ಮ, ತಪ್ಪಾಯ್ತು’ ಎಂದು ಹೇಳಿದ್ದನ್ನೂ ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು ಪೇಪರ್ ಓದುತ್ತಿದ್ದೆ. ಆಮೇಲೆ ಗೋಡೆಯಾಚೆಯ ಆ ಕೈ ಎಂದಿನಂತೆ ಬಂದು, ಅಮ್ಮನ ಸೂಜಿಯನ್ನು ತೆಗೆದುಕೊಂಡಿತು.

ಸಾಹೇಬರು ಜೂನ್ ಮೊದಲ ಮಳೆಯಲ್ಲಿ ಗಂಟಿಲ್ಲದ ದಾರವನ್ನೇ ತೆಗೆದುಕೊಂಡು ಭಟ್ಕಳಕ್ಕೆ ಹೋದರು. ಇಪ್ಪತ್ತು ದಿನ ಬಿಟ್ಟು ಬಂದರು. ಅಣ್ಣ ತೀರಿಕೊಂಡಿದ್ದರು. ಹೋಗಿ ಸಮಾಧಾನ ಹೇಳುವುದು ನೆರೆಯವನ ಧರ್ಮ. ಧರ್ಮಪಾಲನೆಗೆಂದು ಮೂರು ದಿನ ಧೈರ್ಯ ಕೂಡಿಸಿಕೊಂಡು ಅಂಗಡಿಗೆ ಹೋದೆ.

‘ಕೈಗೆ ಕೊಟ್ಟೆ’ ಎಂದರು ಸಾಹೇಬರು. ‘ಬೆರಳಾಡಿಸಿದರು, ಈ ತುದಿಯಿಂದ ಆ ತುದಿಗೆ. ಇದು ಯಾರದು ಅಂತ ಕೇಳಿದರು. ನಮ್ಮದೇ ಅಂದೆ. ನಮ್ಮದಲ್ಲ ಅಂದರು. ಮಾರನೆಯ ದಿನ ತಾವಾಗಿಯೇ ಹೆಸರುಗಳನ್ನು ಹೇಳಿದರು. ಬರೆದುಕೊಂಡೆ.’ ಅಂಗಡಿಯ ಬಿಲ್ಲಿನ ಹಿಂದೆ ಅವರ ಲಿಪಿಯಲ್ಲಿ ಬಲದಿಂದ ಎಡಕ್ಕೆ ಹನ್ನೊಂದು ಸಾಲುಗಳಿದ್ದವು.

ನನಗೆ ಒಮ್ಮೆಲೇ ಬೆಳಕು ಹೊಳೆದಂತಾಯಿತು. ಹೆಸರು ಸಿಕ್ಕಿದೆಯಲ್ಲ. ಅಟ್ಲಾಸಿನಲ್ಲಿ ಆ ಊರುಗಳ ಅಕ್ಷಾಂಶ ಉಂಟು. ಹಲಗೆಯ ಎತ್ತರ ನನಗೆ ಗೊತ್ತು. ಲೆಕ್ಕ ಹಾಕಿದರೆ ಯಾವ ಗಂಟು ಎಷ್ಟು ಅಂಗುಲಕ್ಕೆ ಎಂದು ಒಂದು ಸಂಜೆಯಲ್ಲಿ ಹೇಳಬಹುದು. ಲಾಗರಿದಮ್ ಪುಸ್ತಕ ಇಟ್ಟುಕೊಂಡು ಎರಡು ಸಂಜೆ ಕೂತು, ಫೂಲ್ಸ್‌ಕ್ಯಾಪ್ ಹಾಳೆಯಲ್ಲಿ ಹನ್ನೊಂದು ಅಳತೆಗಳನ್ನು ಕೆಂಪು ಮಸಿಯಲ್ಲಿ ಬರೆದು ಒಪ್ಪಿಸಿದೆ. ಪಾಪ ಪರಿಹಾರವಾಯಿತೆಂದು ಅಂದು ನಿದ್ದೆಯೂ ಬಂತು.

ಸಾಹೇಬರು ಹಾಳೆಯನ್ನು ಗೌರವದಿಂದ ನೋಡಿದರು. ‘ಲೆಕ್ಕ ಸರಿಯೇ ಇರಬೇಕು. ಆದ್ರೆ ನಮ್ಮಲ್ಲಿ ಹಾಗೆ ಗಂಟು ಹಾಕುವ ಕ್ರಮ ಇಲ್ಲ ಮಾರಾಯ್ರೆ. ಆ ಊರಿನ ಸಾಲಿನಲ್ಲಿ ನಿಂತು, ಕಣ್ಣಿಂದ ನಕ್ಷತ್ರ ನೋಡಿ, ಅಲ್ಲೇ ಹಾಕಬೇಕು. ಅಜ್ಜ ಬಸ್ರಾದ್ದನ್ನು ಬಸ್ರಾದಲ್ಲೇ ಹಾಕಿದ್ದು. ಅವರು ತಪ್ಪು ನೋಡಿದ್ದರೆ ಆ ತಪ್ಪೂ ಅದರಲ್ಲಿ ಇತ್ತು. ಇದು ನಿಮ್ಮ ಅಟ್ಲಾಸು, ನಮ್ಮ ಅಜ್ಜ ಅಲ್ಲ.’ ಹಾಳೆಯನ್ನು ನಾಲ್ಕಾಗಿ ಮಡಿಸಿ ಗಜಕೋಲಿನ ಕೆಳಗೆ ಇಟ್ಟರು.

‘ಭಟ್ಕಳದ್ದನ್ನಾದ್ರೂ ಹಾಕಬಹುದಲ್ಲ?’

‘ಮಳೆಯಲ್ಲಿ ನಕ್ಷತ್ರ ಎಲ್ಲಿ? ಮಳೆ ಹೋದ ಮೇಲೂ ದಡದಲ್ಲಿ ನಿಂತರೆ ಉತ್ತರಕ್ಕೆ ಗುಡ್ಡ ಅಡ್ಡ. ದೋಣಿಯಲ್ಲಿ ಹೊರಗೆ ಹೋಗಬೇಕು. ನನ್ನ ಹೊಟ್ಟೆಯ ವಿಷಯ ನಿಮಗೆ ಗೊತ್ತುಂಟಲ್ಲ.’

ಮಾಳಿಗೆಯ ಮೇಲೆ ಆಗದೇ ಎಂದೆ. ತರೀಕೆರೆಯಲ್ಲಿ ಗೆರೆಯೇ ಕಾಣುವುದಿಲ್ಲ, ಮನೆ, ಮರ, ಏರಿ ಎಲ್ಲ ಅಡ್ಡ, ಸಮಾಧಾನಕ್ಕೆ ಅದು ಸಾಕು, ಗಂಟಿಗೆ ಸಾಲದು ಎಂದರು. ಆಗ ನನ್ನ ತಲೆಗೆ ಶಿವನಿಯ ಬಯಲು ಬಂತು. ಅಜ್ಜಂಪುರ ದಾಟಿದ ಮೇಲೆ ನೆಲ ಹಾಸಿದ ಚಾಪೆಯ ಹಾಗಾಗುತ್ತದೆ. ಸ್ಟೇಷನ್ನಿನ ಆಚೆಯ ಎರೆಹೊಲಗಳಲ್ಲಿ ನಾನು ಎಷ್ಟೋ ಸಲ ಸರಪಳಿ ಎಳೆದಿದ್ದೆ. ನಕ್ಷೆ ತೆಗೆದು ಗೀಟುಪಟ್ಟಿ ಇಟ್ಟು ನೋಡಿದರೆ ಭಟ್ಕಳಕ್ಕೆ ತರೀಕೆರೆಗಿಂತ ಶಿವನಿಯೇ ಸರಿಯಾದ ಸಾಲು.

‘ಶಿವನಿಯಲ್ಲಿ ನಿಂತು ಹಾಕಿದ್ರೆ ಭಟ್ಕಳದ ಗಂಟು ಅಂತ ಒಪ್ತದಾ, ನಿಮ್ಮ ಕ್ರಮ?’ ಎಂದು ಕೇಳಿದೆ.

ಸಾಹೇಬರು ಯೋಚಿಸಿದರು. ‘ನಕ್ಷತ್ರಕ್ಕೆ ಊರಿನ ಹೆಸರು ಗೊತ್ತಿಲ್ಲವಲ್ಲ. ಒಪ್ಪಬಹುದು.’

ದೀಪಾವಳಿ ಕಳೆದು ಆಕಾಶ ತೊಳೆದಿಟ್ಟಂತಾದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಬಸ್ಸಿನಲ್ಲಿ ಅಜ್ಜಂಪುರಕ್ಕೆ, ಅಲ್ಲಿಂದ ಪ್ಯಾಸೆಂಜರ್ ಗಾಡಿಯಲ್ಲಿ ಶಿವನಿಗೆ ಹೋದೆವು. ಸಾಹೇಬರು ಅಚಕನ್ ತೊಟ್ಟಿದ್ದರು, ಯಾರದೋ ಮದುವೆಗೆ ಹೊರಟವರ ಹಾಗೆ. ಪ್ಲಾಟ್‌ಫಾರಂ ಮುಗಿದ ಕಡೆ ಹಳಿ ದಾಟಿ ಹೊಲದ ಬದುವಿನ ಮೇಲೆ ನಿಂತೆವು. ಉತ್ತರಕ್ಕೆ ರಾಗಿ ಪೈರು, ಅದರಾಚೆ ಬರೀ ಬಯಲು, ಬಯಲಿನ ಕೊನೆಗೆ ಒಂದು ಗೆರೆ. ಹೊತ್ತು ಮುಳುಗಿ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು.

ರೈಲ್ವೆ ಗ್ಯಾಂಗಿನವನೊಬ್ಬ ಸುತ್ತಿಗೆ ಹೆಗಲಿಗಿಟ್ಟುಕೊಂಡು ಬಂದು ನಿಂತ. ನನ್ನನ್ನು ಗುರುತಿಸಿದ.

‘ಏನ್ ಸಾಮಿ, ಇನ್ನೊಂದು ಲೈನ್ ಬತ್ತದಾ? ಯಾರ ಹೊಲ ಹೋಯ್ತದೆ?’

‘ಯಾರ ಹೊಲಾನೂ ಹೋಗಲ್ಲ. ನಕ್ಷತ್ರ ಅಳೀತಿದೀವಿ.’

‘ಅದ್ರ ಖಾತೆ ಯಾರ ಹೆಸರಲ್ಲೈತೆ?’ ಎಂದು ಕೇಳಿ ಅವನು ಬೀಡಿ ಹಚ್ಚಿಕೊಂಡು, ನೋಡುವುದಕ್ಕೆಂದು ಹಳಿಯ ಮೇಲೆ ಕೂತ.

ನಕ್ಷತ್ರ ಮೂಡಿತು. ಅಷ್ಟೇನೂ ದೊಡ್ಡದಲ್ಲ ಅದು, ಹುಡುಕಬೇಕು. ಸಾಹೇಬರು ಹಲಗೆಯನ್ನು ಚಾಚಿ ಹಿಡಿದು, ದಾರವನ್ನು ಹಲ್ಲಿನಲ್ಲಿ ಕಚ್ಚಿ, ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಸರಿಸುತ್ತ ಹೋದರು. ಬಯಲಿನ ಗೆರೆಯ ಮೇಲೆ ಕೆಳಗಿನ ಅಂಚು ಕೂತಿತು. ಅವರ ಎಡಗೈ ಹೆಬ್ಬೆರಳು ಮೇಲಕ್ಕೆದ್ದಿತು. ಮೊದಲೇ ಮಾತಾಡಿಕೊಂಡಿದ್ದ ಹಾಗೆ ನಾನು ಹಲ್ಲಿಗೆ ತಾಗಿದಂತೆ ದಾರವನ್ನು ಎರಡು ಉಗುರುಗಳಲ್ಲಿ ಹಿಡಿದೆ. ಅವರು ಬಾಯಿ ಬಿಟ್ಟರು.

‘ಈಗ ಗಂಟು ಹಾಕಿ’ ಎಂದರು.

‘ನಾನಾ? ಅದು ನೀವು ಹಾಕಬೇಕಾದ್ದು.’

‘ನೋಡಿದ್ದು ನಾನು. ಹಾಕುವುದು ನೀವು.’ ಹಲಗೆಯನ್ನು ಅವರು ಇನ್ನೂ ಚಾಚಿಯೇ ಹಿಡಿದಿದ್ದರು. ‘ಬಿಚ್ಚಿದ ಕೈಯೇ ಹಾಕಲಿ.’

ನಾನು ಏನೋ ಹೇಳಲು ಹೋದೆ. ಅವರು ನಕ್ಷತ್ರದ ಕಡೆಯೇ ನೋಡುತ್ತ ಹೇಳಿದರು: ‘ನಿಮ್ಮ ತಾಯಿಯ ಸೂಜಿಗೆ ದಾರ ಪೋಣಿಸುವುದು ನಮ್ಮ ಮನೆಯಾಕೆ. ಸೂಜಿಯ ಕಣ್ಣು ಕಾಣದವರು ಅಜ್ಜನ ಗಂಟು ಬಿಚ್ಚುತ್ತಾರಾ? ನೀವು ಹೇಳಿದ ಕ್ಷಣವೇ ಗೊತ್ತಾಯಿತು. ಅವಳಿಗೂ ಗೊತ್ತು. ನಿಮ್ಮ ತಾಯಿ ಬಂದು ತಪ್ಪಾಯ್ತು ಅಂದಾಗ ಅವಳು ಅತ್ತಳು. ಈಗ ಹಾಕಿ, ಕೈ ಸೋತು ಬಂತು.’

ಐದೂವರೆ ತಿಂಗಳು ಅವರು ಅದನ್ನು ಇಟ್ಟುಕೊಂಡಿದ್ದರು. ಅಷ್ಟು ದಿನವೂ ನನಗೆ ಸಲಾಂ ಹೇಳಿದ್ದರು, ಅಂಗಡಿಯಲ್ಲಿ ಸ್ಟೂಲು ಸರಿಸಿ 'ಕೂತ್ಕೊಳ್ಳಿ' ಎಂದಿದ್ದರು, ನನ್ನ ಲಾಗರಿದಮ್ಮಿನ ಹಾಳೆಯನ್ನು ಗೌರವದಿಂದ ನೋಡಿದ್ದರು.

ನನಗೆ ಗಂಟು ಹಾಕಲು ಬರುತ್ತಿರಲಿಲ್ಲ. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲಿ ಯಾರೂ ಗಂಟು ಹಾಕಿದವರಲ್ಲ, ಹಾಕಿದವರೆಲ್ಲ ದಿನಸಿ ಅಂಗಡಿಯವರು. ಮೊದಲನೆಯದು ಜಾರಿತು. ಮತ್ತೆ ನೋಡಿದರು, ಮತ್ತೆ ಹಿಡಿದೆ. ಎರಡನೆಯದೂ ಜಾರಿತು. ಗ್ಯಾಂಗಿನವನು ಹಳಿಯಿಂದ, ‘ಎಮ್ಮೆ ಕಟ್ಟೋ ಗಂಟು ಹಾಕಿ ಸಾಮಿ, ಅದು ಬಿಡಲ್ಲ’ ಎಂದ. ಮೂರನೆಯ ಸಲ ಉಗುರಿನ ಕೆಳಗೆ ಬಿಗಿಯುವಾಗ ಅದು ಹಲಗೆಯ ಕಡೆಗೆ ಅರ್ಧ ರಾಗಿಕಾಳಿನಷ್ಟು ಸರಿದು ನಿಂತಿತು. ಬಿಚ್ಚಿ ಇನ್ನೊಮ್ಮೆ ಹಾಕುತ್ತೇನೆ ಎಂದೆ.

‘ಬೇಡ’ ಎಂದರು ಸಾಹೇಬರು. ‘ನೀವು ಬಿಚ್ಚಿದ್ದು ಸಾಕು.’

ವಾಪಸು ಬರುವ ಗಾಡಿಯಲ್ಲಿ ಇಬ್ಬರೂ ಎದುರುಬದುರು ಕೂತಿದ್ದೆವು. ‘ತಪ್ಪಾಯ್ತು ಸಾಹೇಬ್ರೇ’ ಎಂದು ಹೇಳಲು ಬೀರೂರಿನವರೆಗೂ ಸಮಯವಿತ್ತು. ‘ಚಳಿ ಇದೆ, ಕಿಟಕಿ ಹಾಕ್ಲಾ?’ ಎಂದು ಕೇಳಿದೆ. ಹಾಕಿ ಎಂದರು. ಮನೆಗೆ ಬಂದು ಅಮ್ಮನಿಗೂ ಹೇಳಲಿಲ್ಲ. ಅವರು ದಾರದ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ‘ಹೋದ ಕೆಲಸ ಆಯ್ತೇನೋ?’ ಎಂದರು. ಆಯ್ತು ಎಂದೆ. ಎಂಬತ್ತರ ದಶಕದ ಮೊದಲಲ್ಲಿ ಅವರು ತೀರಿಕೊಂಡರು. ಆ ಗಂಟು ಬಿಚ್ಚಿದವರು ತಾವೇ ಎಂದೇ ಕೊನೆಯವರೆಗೂ ಕಿಂಡಿಯ ಆಚೆಯವರಿಗೆ ಹೇಳಿಕೊಂಡು ಬಂದರು. ಆ ಕಡೆಯವರು ಕೊನೆಯವರೆಗೂ ಹೂಂಗುಟ್ಟಿದರು.

ಅದಾಗಿ ಎರಡು ವರ್ಷಕ್ಕೆ ಸಾಹೇಬರು ಅಂಗಡಿ ಮುಚ್ಚಿ ಭಟ್ಕಳಕ್ಕೆ ಹೋದರು. ದಾರವನ್ನೂ ಬಿಲ್ಲಿನ ಹಿಂದೆ ಬರೆದ ಹೆಸರುಗಳನ್ನೂ ತೆಗೆದುಕೊಂಡು ಹೋದರು. ನನ್ನ ಫೂಲ್ಸ್‌ಕ್ಯಾಪ್ ಹಾಳೆ ಗಜಕೋಲಿನ ಸಂಗಡ ಅಂಗಡಿಯಲ್ಲೇ ಉಳಿದಿತ್ತು. ಮುಂದೆ ಬಂದ ಬಾಡಿಗೆದಾರರು ಕಿಂಡಿಗೆ ಎರಡು ಇಟ್ಟಿಗೆ ಇಟ್ಟು ಗಾರೆ ಮೆತ್ತಿದರು.

ಆ ದಾರದಲ್ಲಿ ಈಗ ಇರುವುದು ಒಂದೇ ಗಂಟು. ನನ್ನ ಲೆಕ್ಕದ ಪ್ರಕಾರ, ಹಲಗೆಯ ಕಡೆಗೆ ಸರಿದ ಆ ಅರ್ಧ ರಾಗಿಕಾಳಿನಿಂದಾಗಿ, ಅದು ಭಟ್ಕಳಕ್ಕೆ ನಾಲ್ಕಾರು ಮೈಲಿ ಉತ್ತರದಲ್ಲಿ, ಮುರುಡೇಶ್ವರದ ಸಾಲಿನಲ್ಲಿದೆ. ಉಳಿದ ಹತ್ತು ಗಂಟುಗಳು ಇಲ್ಲ.